ಮೂರು ಊರುಗಳ ಗಾನದಾನ

ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಗ್ಲಾಸ್ಟರ್, ವೂಸ್ಟರ್, ಹೆರೆಫರ್ಡ್ ಎಂಬ ಮೂರು ಊರುಗಳಿವೆ. ಒಂದರಿಂದ ಮತ್ತೊಂದಕ್ಕೆ ಸುಮಾರು 40 ಕಿಲೋಮೀಟರ್ ದೂರ. ಪ್ರತಿಯೊಂದು ಊರಿನಲ್ಲಿಯೂ ಪುರಾತನವಾದ ದೊಡ್ಡ ಚರ್ಚು. ಆ ಚರ್ಚಿಗೊಂದು ಗಾಯಕವೃಂದ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಈ ಮೂರು ವೃಂದಗಳು ವರ್ಷಕ್ಕೊಮ್ಮೆ, ಸರದಿಯಂತೆ ಒಂದೊಂದು ಊರಿನಲ್ಲಿ ಕಲೆತು ಹಾಡತೊಡಗಿದವು.

1724ರಲ್ಲಿ ಈ ಕೂಟಕ್ಕೆ ಹೊಸ ಅರ್ಥ ಬಂದಿತು. ಆ ಕಾಲದಲ್ಲಿ ಬಡ ಪಾದ್ರಿಯೊಬ್ಬನು ತೀರಿಕೊಂಡರೆ ಅವನ ಹೆಂಡತಿ ಮಕ್ಕಳು ಅನಾಥರಾಗುತ್ತಿದ್ದರು. ವಾಸದ ಮನೆಯೂ ಮುಂದೆ ಬರುವ ಪಾದ್ರಿಯ ಪಾಲಾಗುತ್ತಿತ್ತು. ಸಂಗೀತ ಕೇಳಿ ಹೊರಬರುವವರಿಂದ ಬಾಗಿಲಲ್ಲಿ ಕಾಣಿಕೆ ಕೂಡಿಸಿ ಇಂಥ ವಿಧವೆಯರಿಗೂ ಮಕ್ಕಳಿಗೂ ನೀಡಬೇಕೆಂದು ನಿಶ್ಚಯವಾಯಿತು.

ಉತ್ಸವ ಬೆಳೆದಂತೆ ಖರ್ಚೂ ಬೆಳೆಯಿತು. ವಾದ್ಯಗಾರರು ಬಂದರು, ಹೆಸರಾಂತ ಗಾಯಕರು ಬಂದರು. ಟಿಕೆಟಿನ ಹಣ ಎಷ್ಟೋ ಸಲ ಖರ್ಚಿಗೆ ಸಾಲದೆ ಹೋಯಿತು. ಆಗ ಹೊಣೆ ಹೊತ್ತ ಮಹನೀಯರು ನಷ್ಟವನ್ನು ತಮ್ಮ ಜೇಬಿನಿಂದಲೇ ತುಂಬಿಕೊಟ್ಟರು. ಬಾಗಿಲ ಕಾಣಿಕೆಯನ್ನು ಮುಟ್ಟಲಿಲ್ಲ. ಅನಾಥರಿಗೆಂದು ಬಿದ್ದ ಕಾಸು ಅನಾಥರಿಗೇ ಸೇರಿತು.

ಉತ್ಸವಕ್ಕೆ ವಿರೋಧವೂ ಇಲ್ಲದಿರಲಿಲ್ಲ. ಪ್ರಾರ್ಥನಾಮಂದಿರದಲ್ಲಿ ಟಿಕೆಟು ಮಾರುವುದು ಸಲ್ಲದೆಂದು ಕೆಲವರು ಬಗೆದರು. 1875ರಲ್ಲಿ ವೂಸ್ಟರಿನ ಚರ್ಚು ವಾದ್ಯಮೇಳವಿಲ್ಲದ, ಬರಿಯ ಪ್ರಾರ್ಥನಾಗೀತಗಳ ಸಭೆಗೆ ಮಾತ್ರ ಒಪ್ಪಿತು. ಜನ ನೊಂದುಕೊಂಡು ಅದನ್ನು ‘ಅಣಕು ಉತ್ಸವ’ವೆಂದು ಕರೆದರು. ಮೂರು ವರ್ಷಗಳ ತರುವಾಯ ಸರದಿ ಮತ್ತೆ ಆ ಊರಿಗೆ ಬಂದಾಗ ವಾದ್ಯಮೇಳವೂ ಮರಳಿ ಬಂದಿತು.

1878ರ ಆ ವಾದ್ಯಮೇಳದಲ್ಲಿ ಪಿಟೀಲು ಹಿಡಿದು ಕುಳಿತವರಲ್ಲಿ ಇಪ್ಪತ್ತೊಂದು ವರ್ಷದ ತರುಣನೊಬ್ಬನಿದ್ದನು. ಅವನ ತಂದೆ ಅದೇ ಊರಿನಲ್ಲಿ ಸಂಗೀತದ ಅಂಗಡಿಯಿಟ್ಟು, ಪಿಯಾನೋಗಳಿಗೆ ಶ್ರುತಿ ಮಾಡಿಕೊಡುತ್ತಿದ್ದನು. ಆ ತರುಣನೇ ಮುಂದೆ ಇಂಗ್ಲೆಂಡಿನ ಶ್ರೇಷ್ಠ ಸಂಗೀತ ರಚನಕಾರನೆನಿಸಿದ ಎಡ್ವರ್ಡ್ ಎಲ್ಗರ್. ಉತ್ಸವದ ಬಾಗಿಲು ಮುಚ್ಚಿಯೇ ಇದ್ದಿದ್ದರೆ, ವಿಧವೆಯರ ಕಾಣಿಕೆಯೊಡನೆ ಆ ಅಂಗಡಿಕಾರನ ಮಗನಿಗೆ ದೊರೆತ ಅವಕಾಶವೂ ಇಲ್ಲವಾಗುತ್ತಿತ್ತು.

ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತುಹೋಗಿದ್ದ ಆ ಗಾನ 1920ರಲ್ಲಿಯೂ 1946ರಲ್ಲಿಯೂ ಮತ್ತೆ ಚಿಗುರಿತು. ಇಂದಿಗೂ ಬೇಸಗೆಯಲ್ಲಿ ಮೂರು ಊರುಗಳು ಸರದಿ ತಪ್ಪದೆ ಕೂಡಿ ಹಾಡುತ್ತವೆ. ಕೊಡಲು ಸಿರಿವಂತನೊಬ್ಬನು ಹುಟ್ಟಿಬರಲೆಂದು ಆ ಜನ ಕಾಯಲಿಲ್ಲ. ತಮಗೆ ಬಂದ ಹಾಡನ್ನೇ ಒಟ್ಟುಗೂಡಿ ಹಾಡಿದರು. ಕೇಳಿದವರು ಕೈಲಾದುದನ್ನು ಕೊಟ್ಟರು. ಹನಿಗೂಡಿ ಹಳ್ಳವಾಯಿತು.