ಬೂಷ್ಟು ಹಿಡಿದ ಹಾಡು

ವಯನಾಡಿನ ಕೊಳವಳ್ಳಿಯ ಅಕ್ಕನ ಮನೆಯಲ್ಲಿ ಅಟ್ಟ ಹತ್ತಿದ್ದು ಕಾಳುಮೆಣಸಿನ ಮೂಟೆ ಇಳಿಸಲು. ಕೈಗೆ ಸಿಕ್ಕಿದ್ದು ಬಿಸ್ಕತ್ತಿನ ಡಬ್ಬದ ತುಂಬ ಕ್ಯಾಸೆಟ್ಟು.

“ನಿಮ್ಮ ಭಾವ ಮೈಸೂರಿಗೆ ಹೋದಾಗೆಲ್ಲ ತರ್ತಿದ್ರು ಕಣೋ. ಒಲೆಗೆ ಹಾಕೋಣ ಅಂತಿದ್ದೆ” ಅಂದಳು ಅಕ್ಕ. ನನ್ನ ಎದೆ ಧಸಕ್ಕೆಂದಿತು.

1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಆಮೇಲೆ ಭಾವಗೀತೆಯ ಕ್ಯಾಸೆಟ್ಟಿಗೆ ಸುಗ್ಗಿಯೋ ಸುಗ್ಗಿ. ಸಂಗೀತಾ, ಲಹರಿ ಎಂಬ ಕಂಪನಿಗಳ ಹೆಸರು ಉಳಿಯಿತು. ಒಂದೆರಡು ಕ್ಯಾಸೆಟ್ ಹೊರತಂದು ಅಂಗಡಿ ಮುಚ್ಚಿದವರ ಹೆಸರು ಯಾರಿಗೆ ಬೇಕು? ನನಗೆ ಬೇಕು. ಡಬ್ಬದಲ್ಲಿದ್ದ ಒಂದರ ಚೀಟಿಯನ್ನು ಬೆಳ್ಳಿಮೀನು ತಿಂದು ‘...ರ್ಡಿಂಗ್ ಕಂಪನಿ, ಮೈಸೂ’ ಅಷ್ಟೇ ಉಳಿಸಿತ್ತು. ಗಾಯಕಿಯ ಹೆಸರೂ ಹುಳದ ಹೊಟ್ಟೆ ಸೇರಿತ್ತು.

ಆ ಕ್ಯಾಸೆಟ್ಟನ್ನು ನನ್ನ ಮನೆಗೆ ತಂದು ಐದು ಸ್ಕ್ರೂ ಬಿಚ್ಚಿದೆ. ವಯನಾಡಿನ ಮಳೆ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಬೆಳೆಸಿತ್ತು. ಅರುವತ್ತು ನಿಮಿಷದ ಕ್ಯಾಸೆಟ್ಟೆಂದರೆ ಸುಮಾರು 90 ಮೀಟರ್ ಟೇಪು. ಅಗಲ ನಾಲ್ಕು ಮಿಲಿಮೀಟರೂ ಇಲ್ಲ. ಪೆನ್ಸಿಲ್ ತೂರಿಸಿ ತಿರುಗಿಸುತ್ತ, ಹಳೆಯ ಮಲ್ಲುಪಂಚೆಯ ತುಂಡಿನ ನಡುವೆ ಅದನ್ನು ಹಾಯಿಸಬೇಕು. ಅವಸರ ಮಾಡಿದಿರೋ, ಟೇಪು ಹಪ್ಪಳದಂತೆ ಮುದುಡುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ದಿಂಬು ಉದುರಿಹೋಗಿತ್ತು; ಸತ್ತ ಸಿನಿಮಾ ಕ್ಯಾಸೆಟ್ಟೊಂದರಿಂದ ಕಿತ್ತು ಕಸಿ ಮಾಡಿದೆ. (ಇಂಥ ಕಸಿಗೆ ರಕ್ತದ ಗುಂಪು ನೋಡಬೇಕಿಲ್ಲ.) ಎರಡನೆಯ ಬದಿಯಲ್ಲಿ ಒಂದೆಡೆ ಗೇಣುದ್ದ ಸುಕ್ಕು. ಬೆರಳಲ್ಲಿ ಎಷ್ಟು ನೀವಿದರೂ ಹೋಗಲಿಲ್ಲ.

ಮುಂದಿನ ಸಲ ಅಕ್ಕನ ಮನೆಗೆ ಹೋಗುವಾಗ ನನ್ನ ಟೂ-ಇನ್-ಒನ್ ಹೊತ್ತುಕೊಂಡೇ ಹೋದೆ. ಸಂಜೆ. ಹೊಳೆಯಾಚೆಯ ಕರ್ನಾಟಕದ ಕಾಡು ಕಪ್ಪಾಗುತ್ತಿತ್ತು. ಗುಂಡಿ ಒತ್ತಿದೆ. ಮೊದಲು ಬರೀ ಸುಯ್‌ಗುಟ್ಟುವಿಕೆ. ಅದರೊಳಗೆ, ಹಾಡು ಶುರುವಾಗುವ ಎರಡು ಸೆಕೆಂಡು ಮೊದಲು, ಬಹು ದೂರದಲ್ಲಿ ಅದೇ ಹಾಡಿನ ಮೊದಲ ಅಕ್ಷರ! ವರ್ಷಗಟ್ಟಲೆ ಒಂದಕ್ಕೊಂದು ಅಂಟಿ ಕೂತ ಸುತ್ತುಗಳಲ್ಲಿ ಒಂದರ ಕಾಂತ ಇನ್ನೊಂದಕ್ಕೆ ಹತ್ತುತ್ತದೆ. ತಿಳಿದವರು ಇದನ್ನು ದೋಷವೆನ್ನುತ್ತಾರೆ. ನನಗೆ ಮಾತ್ರ, ಒಳಮನೆಯಿಂದ ಯಾರೋ ಗುನುಗುತ್ತ ಪಡಸಾಲೆಗೆ ಬಂದಂತಾಗುತ್ತದೆ. ಹಾರ್ಮೋನಿಯಂ, ತಬಲಾ, ನಡುವೆ ಆಕೆ ಉಸಿರೆಳೆದುಕೊಳ್ಳುವ ಸದ್ದು. ತುಂಬ ಒಳ್ಳೆಯ ಕಂಠವೇನಲ್ಲ. ಮೇಲಿನ ಷಡ್ಜಕ್ಕೆ ಹೋಗುವಾಗ ಅಂಜುತ್ತಿದ್ದಳು. ಆ ಅಂಜಿಕೆಯೇ ನನಗೆ ಹಿಡಿಸಿತು.

ತೋಟದಿಂದ ಬಂದ ಭಾವ ಕಾಲು ತೊಳೆಯದೆ ಮೆಟ್ಟಿಲ ಮೇಲೆ ಕೂತರು. ಮೊದಲ ಬದಿ ಮುಗಿದು ಗುಂಡಿ ಟಕ್ಕೆಂದಿತು.

“ಆ ಕಡೆ ಹಾಕು. ಮೂರನೇ ಹಾಡು ಬಂದಾಗ ಹುಷಾರು, ಅಲ್ಲೊಂದ್ಸಲ ಟೇಪು ಸಿಕ್ಕಿಹಾಕ್ಕೊಂಡಿತ್ತು.”