ಕಾರ್ಬರೇಟರ್ ಬಿಚ್ಚುವ ವಿದ್ಯೆ

ಹತಾರ ಹಿಡಿಯುವ ಕೈ ಬೇರೆ, ಲೇಖನಿ ಹಿಡಿಯುವ ಕೈ ಬೇರೆ ಅಂತ ಈ ದೇಶ ಬಹಳ ಕಾಲದಿಂದ ಹೇಳಿಕೊಂಡು ಬಂದಿದೆ. ಹತಾರ ಹಿಡಿದವನು ಕೀಳು, ಲೇಖನಿ ಹಿಡಿದವನು ಮೇಲು. ಜಾತಿ ಅನ್ನುವುದು ಬರೀ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲು ಕೀಳಿನ ಮೆಟ್ಟಿಲುಗಳಲ್ಲಿ ಕೂರಿಸುವುದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ಹಾಗಾಗಿ ಕಥೆ ಕವಿತೆಗಳ ನಡುವೆ ನಾವು ಮೋಟಾರ್ ಸೈಕಲ್ಲಿನ ಕಾರ್ಬರೇಟರ್ ಬಗ್ಗೆ ಬರೆಯುತ್ತಿದ್ದೇವೆ. ನಗುವವರು ನಗಲಿ.

ನಾವು ನಾಲ್ಕು ಜನ. ಇಬ್ಬರು ಮೇಷ್ಟ್ರು, ಒಬ್ಬ ಗಾರೆ ಕೆಲಸದವನು, ಇನ್ನೊಬ್ಬ ಸಂಘಟನೆ ಅಂತ ಊರೂರು ತಿರುಗುವವನು. ನಾಲ್ಕೂ ಜನಕ್ಕೆ ಸೇರಿ ಒಂದೇ ಹಳೇ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ನಮ್ಮಂಥವರ ಕೈಗಳೇ ಮಾಡಿದ ಗಾಡಿ. 1973ರಿಂದ ಯೆಜ್ಡಿ ಅನ್ನುವ ಹೆಸರಲ್ಲಿ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಇವತ್ತು ಶೋಕಿಗೆ ಅಂತ ಇದನ್ನು ಕೊಂಡು ಒರೆಸಿ ನಿಲ್ಲಿಸುವವರಿದ್ದಾರೆ. ನಮಗೆ ಇದು ಸಭೆಗೆ, ಸಂತೆಗೆ, ಆಸ್ಪತ್ರೆಗೆ ಹೋಗುವ ಗಾಡಿ. ಕೆಟ್ಟರೆ ನಾಲ್ಕು ಮನೆಯ ಕೆಲಸ ನಿಲ್ಲುತ್ತೆ. ಆದ್ದರಿಂದಲೇ ಬಿಚ್ಚುವುದನ್ನು ಕಲಿತೆವು.

ಕಲಿಸಿದವರು ಮೈಸೂರಿನ ಒಬ್ಬ ಮುಸ್ಲಿಂ ಮೇಸ್ತ್ರಿ. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅವರ ವಿದ್ಯೆ ಕಿವಿಯಲ್ಲಿ, ಬೆರಳಲ್ಲಿ ಇತ್ತು. "ಮೊದ್ಲು ಕಾರ್ಬರೇಟರ್ ಮುಟ್‌ಬೇಡ್ರಪ್ಪ. ಏರ್ ಫಿಲ್ಟರ್ ನೋಡಿ, ಪ್ಲಗ್ ನೋಡಿ, ಪಾಯಿಂಟ್ ನೋಡಿ. ಎಲ್ಲಾ ಸರಿ ಇದ್ದೂ ಗಾಡಿ ಮುನಿಸ್ಕೊಂಡ್ರೆ ಆಮೇಲೆ ಇದನ್ನ ಬಿಚ್ಚಿ" ಅನ್ನುತ್ತಿದ್ದರು. ತಪ್ಪು ಒಂದು ಕಡೆ ಇದ್ದು ಶಿಕ್ಷೆ ಇನ್ನೊಂದಕ್ಕೆ ಆಗಬಾರದು ಅನ್ನುವ ನ್ಯಾಯ ಗ್ಯಾರೇಜಿನಲ್ಲೂ ಬೇಕಲ್ಲವೆ?

ಕಾರ್ಬರೇಟರ್ ಮಾಡುವುದು ಒಂದೇ ಕೆಲಸ, ಗಾಳಿಗೆ ಪೆಟ್ರೋಲ್ ಬೆರೆಸುವುದು. ಇಂಜಿನ್ ಉಸಿರೆಳೆದಾಗ ಇಕ್ಕಟ್ಟಾದ ಗಂಟಲಲ್ಲಿ ಗಾಳಿ ಜೋರಾಗಿ ನುಗ್ಗುತ್ತೆ. ಅಲ್ಲಿ ಒತ್ತಡ ಇಳಿದು, ಬಟ್ಟಲಲ್ಲಿರುವ ಪೆಟ್ರೋಲು ಹಿತ್ತಾಳೆಯ ಸಣ್ಣ ತೂತಿನಿಂದ ಮೇಲೆದ್ದು ಬರುತ್ತೆ. ಆ ತೂತೇ ಜೆಟ್. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದರೆ ಹೊಗೆ, ಕಮ್ಮಿಯಾದರೆ ಕಾವು. ಇಷ್ಟೇ ಶಾಸ್ತ್ರ. ಇದಕ್ಕೆ ಮಡಿಯೂ ಬೇಡ, ಮಂತ್ರವೂ ಬೇಡ.

ಟ್ಯಾಪ್ ಬಂದ್ ಮಾಡಿ ಬಟ್ಟಲು ಬಿಚ್ಚಿದರೆ ತಳದಲ್ಲಿ ಮಣ್ಣು, ತುಕ್ಕು ಕಾಣುತ್ತೆ. ತೊಳೆಯಿರಿ. ಹತ್ತಿರ ಬೀಡಿ ಬೇಡ. ಜೆಟ್ ಕಟ್ಟಿದ್ದರೆ ಪಿನ್ನು, ಸೂಜಿ ಹಾಕಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗುತ್ತೆ. ಆಮೇಲೆ ಅದರ ತಲೆ ಮೇಲಿನ ನಂಬರು ಸುಳ್ಳು. ಮೀನು ಗಾಳದ ಸಣ್ಣ ನೈಲಾನ್ ದಾರ ಸಾಕು, ಸೈಕಲ್ ಪಂಪಿನ ಗಾಳಿ ಸಾಕು.

ಜೋಡಿಸಿದ ಮೇಲೆ ಗಾಡಿ ಬಿಸಿಯಾಗಲಿ. ಗಾಳಿ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಬಿಗಿ ಮಾಡಿ ಒಂದೂವರೆ ಸುತ್ತು ಹೊರಕ್ಕೆ ತಿರುಗಿಸಿ. ಅಲ್ಲಿಂದ ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ. ಇಂಜಿನ್ ಎಲ್ಲಿ ತಡವರಿಸದೆ ಚುರುಕಾಗಿ ಓಡುತ್ತೋ ಅಲ್ಲಿ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂ ಇಳಿಸಿ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಒಳಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಪಾಲು ಹೆಚ್ಚು. ಇಂಜಿನ್ ಕಡೆಗಿದ್ದರೆ ಉಲ್ಟಾ. ಇದನ್ನು ತಿಳಿಯದೆ ತಿರುಗಿಸುವವರೇ ಜಾಸ್ತಿ.

ಅರ್ಧ ಆಕ್ಸಿಲರೇಟರಿನಲ್ಲಿ ಮುಗ್ಗರಿಸಿದರೆ ತಪ್ಪು ಸ್ಕ್ರೂದಲ್ಲ, ಸೂಜಿಯದು. ಸೂಜಿಯ ತಲೆಯಲ್ಲಿ ಕಚ್ಚುಗಳಿರುತ್ತವೆ. ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಹಾಕಿದರೆ ಸೂಜಿ ಮೇಲೇಳುತ್ತೆ, ಪೆಟ್ರೋಲ್ ಹೆಚ್ಚು ಬರುತ್ತೆ. ಕಚ್ಚೇ ಇಲ್ಲದ ಸೂಜಿಗೆ ಒಂದು ತೆಳು ವಾಷರ್ ಹಾಕಿ ಎತ್ತಬಹುದು. ಪೂರ್ತಿ ತಿರುಗಿಸಿದಾಗ ನಡೆಯುವುದು ಮೇನ್ ಜೆಟ್ಟಿನ ಮಾತು.

ಸರಿಯಾಯ್ತೋ ಇಲ್ಲವೋ ಹೇಳುವುದು ಪ್ಲಗ್ಗು. ಒಂದೆರಡು ಮೈಲಿ ಓಡಿಸಿ, ಇಂಜಿನ್ ಆಫ್ ಮಾಡಿ, ಬಿಸಿ ಆರಿದ ಮೇಲೆ ಬಿಚ್ಚಿ ನೋಡಿ. ಹಾಲು ಹಾಕಿದ ಟೀ ಬಣ್ಣ ಇದ್ದರೆ ಸರಿ. ಕರ್ರಗೆ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಹುಷಾರು. ಅಕ್ಷರ ಬರದವರೂ ಓದಬಹುದಾದ ಪುಸ್ತಕ ಇದು.

ಬೆಳ್ಳಗಿದ್ದರೆ ಹುಷಾರು ಅಂದೆವು. ಮೈಲೇಜ್ ಆಸೆಗೆ ಸಣ್ಣ ಜೆಟ್ ಹಾಕಿಸುವವರು ಊರೂರಲ್ಲಿದ್ದಾರೆ. ಎರಡು ಸ್ಟ್ರೋಕಿನ ಯೆಜ್ಡಿಯಲ್ಲಿ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತೇವೆ. ಪಿಸ್ಟನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕತ್ತರಿಸಿದರೆ ಜಿಡ್ಡನ್ನೂ ಕತ್ತರಿಸಿದ ಹಾಗೆ, ಮೇಲಿಂದ ಕಾವೂ ಏರುತ್ತೆ. ಪಿಸ್ಟನ್ ಹಿಡಿದುಕೊಂಡು ನಡುರಸ್ತೆಯಲ್ಲಿ ಗಾಡಿ ನಿಲ್ಲುತ್ತೆ. ಉಳಿಸಿದ್ದು ಹತ್ತು ರೂಪಾಯಿ, ಹೋಗುವುದು ಸಾವಿರಾರು. ದುಡಿಯುವವನ ಅನ್ನ ಕತ್ತರಿಸಿ ಲಾಭ ಎಣಿಸುವ ಜಮೀನ್ದಾರನ ಲೆಕ್ಕವೂ ಇದೇ ಅಲ್ಲವೆ ಗೆಳೆಯರೇ?

ಈಗ ಇನ್ನೊಂದು ಮಾತು. 2023ರಿಂದ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿ, 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುತ್ತೆ. ಹಾಗಾಗಿ 14.7ರ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತೆ. ಹೊಸ ಗಾಡಿಗಳಲ್ಲಿ ಸೆನ್ಸರ್ ಇದೆ, ಕಂಪ್ಯೂಟರ್ ಇದೆ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕುಗಳಿಂದ ಕಾರ್ಬರೇಟರೇ ಹೋಯಿತು. ನಮ್ಮ ಹಿತ್ತಾಳೆ ತೂತಿಗೆ ಇದೆಲ್ಲ ಏನು ಗೊತ್ತು? ಅದು ಹಳೇ ಅಳತೆಯಲ್ಲೇ ಬಿಡುತ್ತೆ, ಇಂಜಿನ್ ಒಣಗುತ್ತೆ. ನಾವು ಕ್ಲಿಪ್ ಒಂದು ಕಚ್ಚು ಇಳಿಸಿದೆವು, ಮೇನ್ ಜೆಟ್ ಒಂದು ನಂಬರು ದೊಡ್ಡದು ಹಾಕಿದೆವು, ಪ್ಲಗ್ ಮತ್ತೆ ಟೀ ಬಣ್ಣಕ್ಕೆ ಬಂತು. ಎಥನಾಲ್ ನೀರು ಹೀರುತ್ತೆ. ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಬಟ್ಟಲು ಖಾಲಿ ಮಾಡಿಡಿ. ಹಳೇ ರಬ್ಬರ್ ಪೈಪು ಬಿರಿಯುತ್ತಿದೆಯಾ ನೋಡುತ್ತಿರಿ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಕೂಲಿಗೆ ಹೋಗುವ ಗಾರೆಯವನಿಗೆ, ಸೊಪ್ಪು ಮಾರುವವಳಿಗೆ ಇದನ್ನೆಲ್ಲ ಯಾರು ಹೇಳಿದರು? ಬಂಕಿನಲ್ಲಿ ಬರೆದು ತೂಗುಹಾಕಿದರಾ? ಇಂಧನ ಬದಲಾಯಿಸುವ ತೀರ್ಮಾನ ದೆಹಲಿಯಲ್ಲಿ, ಪಿಸ್ಟನ್ ಹಿಡಿಯುವುದು ನಮ್ಮ ಕೇರಿಯಲ್ಲಿ. ತಿಳಿವಳಿಕೆಯನ್ನು ಮುಚ್ಚಿಟ್ಟವರು ಮೊದಲು ಅಗ್ರಹಾರದಲ್ಲಿದ್ದರು, ಈಗ ಎಲ್ಲೆಲ್ಲೋ ಇದ್ದಾರೆ.

ಯೆಜ್ಡಿಯ ಹೊಗೆ ಒಳ್ಳೆಯದಲ್ಲ ಅನ್ನುವುದನ್ನೂ ಹೇಳಲೇಬೇಕು. ಆ ಹೊಗೆ ಕುಡಿಯುವ ಮಕ್ಕಳು ನಮ್ಮವೇ. ಅದಕ್ಕೇ ಪೆಟ್ರೋಲ್ ಪಾಲು ಬೇಕಾದ್ದಕ್ಕಿಂತ ಹೆಚ್ಚಿಡುವುದೂ ಅಪರಾಧ. ಬಾಗಿಲು ಹಾಕಿದ ಕೋಣೆಯಲ್ಲಿ ಇಂಜಿನ್ ಚಾಲೂ ಮಾಡಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ. ವಿಜ್ಞಾನದ ಪಾಠದಲ್ಲಿ ಒತ್ತಡ, ದಹನ ಅಂತ ಬೋರ್ಡಿನ ಮೇಲೆ ಬರೆಯುತ್ತೀರಿ. ಒಂದು ಶನಿವಾರ ಗುಜರಿಯಿಂದ ಹಳೇ ಕಾರ್ಬರೇಟರ್ ತನ್ನಿ, ಮೇಜಿನ ಮೇಲಿಡಿ, ಮಕ್ಕಳೇ ಬಿಚ್ಚಲಿ. ಹೆಣ್ಣುಮಕ್ಕಳು ಮೊದಲು ಬಿಚ್ಚಲಿ. ಮೇಲ್ಜಾತಿ ಹುಡುಗನ ಬೆರಳಿಗೂ ಗ್ರೀಸ್ ಹತ್ತಲಿ. ಊರ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದು, ಕುರ್ಚಿ ಹಾಕಿ ಕೂರಿಸಿ, "ಮೇಷ್ಟ್ರೇ, ನೀವು ಪಾಠ ಮಾಡಿ" ಅನ್ನಿ. ಆ ದಿನ ನೀವು ಬೆಂಚಿನ ಮೇಲೆ ಕೂತು ಕೇಳಿ.