ಕಪ್ ನಮ್ದೆ, ಸಂಬಳ ಯಾರ್ದು?

ನಮ್ಮ ಹಾಸ್ಟೆಲಲ್ಲಿ ಚಿನ್ನಸ್ವಾಮಿಗೆ ಹೋಗೋರದ್ದು ಒಂದು ಗುಂಪು, ಕಂಠೀರವಕ್ಕೆ ಹೋಗೋರದ್ದು ಇನ್ನೊಂದು. ನಾವು ಆರು ಜನ ಎರಡೂ ಕಡೆ ಸಲ್ಲುವವರು. ಹಾಗಾಗಿ 2025 ನಮಗೆ ವಿಚಿತ್ರ ವರ್ಷ. ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. ಮರುದಿನ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಅಭಿಮಾನಿಗಳು ಸತ್ತು, ಸಂಭ್ರಮ ಅಲ್ಲಿಗೇ ನಿಂತಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು.

ಗೆದ್ದವರಿಗೆ ದುಡ್ಡು, ಸೋತವರಿಗೆ ಇಲ್ಲ ಅನ್ನೋ ಸುಲಭ ಉತ್ತರ ಇಲ್ಲಿ ನಡೆಯಲ್ಲ. ಬಿಎಫ್‌ಸಿ ತನ್ನ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ ತಂಡ. 2018-19ರ ಐಎಸ್‌ಎಲ್ ಚಾಂಪಿಯನ್. ಆರ್‌ಸಿಬಿಯೋ, 17 ಸೀಸನ್ ಬರಿಗೈಲಿ ಬಂದದ್ದು.

ಕ್ಯಾಲ್ಕುಲೇಟರ್ ತಗೊಳ್ಳಿ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು, ಒಟ್ಟು 410 ಪಂದ್ಯಕ್ಕೆ. ಪಂದ್ಯಕ್ಕೆ 118 ಕೋಟಿ. 240 ಬಾಲಿಗೆ ಹಂಚಿದರೆ ಬಾಲಿಗೆ 49 ಲಕ್ಷ! ಇದರಲ್ಲಿ ಸುಮಾರು ಅರ್ಧ ಹತ್ತು ತಂಡಗಳಿಗೆ ಹೋಗುತ್ತೆ ಅಂತ ಹಿಡಿದರೂ, ಒಂದು ತಂಡಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 480 ಕೋಟಿ. ಆಟಗಾರರ ಮೇಲೆ ಖರ್ಚು ಮಾಡೋಕೆ 2025ರ ಹರಾಜಿಗೆ ಇದ್ದ ಮಿತಿ 120 ಕೋಟಿ. ಕಪ್ ಗೆದ್ದರೆ ಸಿಗೋ ಬಹುಮಾನ ಬರೀ 20 ಕೋಟಿ. ಅಂದ್ರೆ ಟಿಕೆಟ್, ಜೆರ್ಸಿ, ಪ್ರಾಯೋಜಕರ ದುಡ್ಡು ಬರೋ ಮೊದಲೇ ಮನೆ ನಡೆಯುತ್ತೆ. ಕೊನೇ ಸ್ಥಾನಕ್ಕೆ ಬಿದ್ದರೂ ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳ ಹಾಗೆ ಕೆಳಗಿನ ಲೀಗಿಗೆ ಇಳಿಯೋ ಭಯವೂ ಇಲ್ಲ.

ನಮ್ಮ ಫುಟ್‌ಬಾಲಿಗೆ ಈ ಆಸರೆಯೇ ತಪ್ಪಿತು. ಐಎಸ್‌ಎಲ್ ನಡೆಸುತ್ತಿದ್ದ ಕಂಪನಿಗೂ ಫುಟ್‌ಬಾಲ್ ಒಕ್ಕೂಟಕ್ಕೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಅಂತ ಇತ್ಯರ್ಥವಾಗದೆ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಪಂದ್ಯ ಇಲ್ಲ ಅಂದ್ರೆ ಪ್ರಸಾರ ಇಲ್ಲ, ಟಿಕೆಟ್ ಇಲ್ಲ; ಅಂಗಿ ಮೇಲೆ ಹೆಸರು ಹಾಕಿಸೋಕೆ ಯಾವ ಕಂಪನಿ ಬರುತ್ತೆ? ತಿಂಗಳ ಸಂಬಳ ಮಾತ್ರ ಕಾಯಲ್ಲ. ಆಫರ್ ಲೆಟರ್ ಇಟ್ಕೊಂಡು ಜಾಯಿನಿಂಗ್ ಡೇಟಿಗೆ ಕಾಯೋ ಸೀನಿಯರ್‌ಗಳನ್ನು ಕಂಡ ನಮಗೆ, ಆ ಆಟಗಾರರ ಪಾಡು ದೂರದ್ದು ಅನ್ನಿಸಲಿಲ್ಲ.

ಐಪಿಎಲ್‌ನಲ್ಲಿ ಮಾರಾಟವಾಗೋದು ನಮ್ಮ ಕಣ್ಣು: ಎಷ್ಟು ಜನ, ಎಷ್ಟು ಹೊತ್ತು ನೋಡ್ತೀವಿ ಅನ್ನೋ ಲೆಕ್ಕ. ಫುಟ್‌ಬಾಲಿಗೆ ಅಷ್ಟು ಕಣ್ಣು ಇನ್ನೂ ಸಿಕ್ಕಿಲ್ಲ. ನಮ್ಮ ಆರು ಟಿಕೆಟ್‌ನಿಂದ ಯಾವ ಕ್ಲಬ್ಬೂ ಉಳಿಯಲ್ಲ, ಗೊತ್ತು. ಆದರೆ ಖಾಲಿ ಗ್ಯಾಲರಿ ತೋರಿಸಿ ಪ್ರಾಯೋಜಕರನ್ನ ಕರೆಯೋದು ಹೇಗೆ? ಕಂಠೀರವದಲ್ಲಿ ಪಂದ್ಯ ಇದ್ದ ದಿನ ನಾವಂತೂ ಹೊರಡ್ತೀವಿ. ಬರೋರಿದ್ರೆ ಹೇಳಿ, ಆರರ ಬದಲು ಹತ್ತು ಟಿಕೆಟ್ ತಗೊಳ್ಳೋಣ.